ಎಂಜಲಿನಿಂದ ಬಾರದ ರೋಗ

ನಮ್ಮ ಶಾಲೆಯಲ್ಲಿ ರಕ್ತದಾನದ ಶಿಬಿರ ನಡೆದಾಗ ಎಲ್ಲರಿಗಿಂತ ಮೊದಲು ಹೋಗಿ ಮಂಚದ ಮೇಲೆ ಮಲಗಿದವಳು ನಾನೇ. ವಿಜ್ಞಾನದ ಟೀಚರೇ ಹಿಂದೆ ಸರಿದರೆ ಉಳಿದವರು ಮುಂದೆ ಬರುತ್ತಾರೆಯೇ ಎಂಬ ಬಿಂಕ ಬೇರೆ ಇತ್ತು. ಅವರು ಕೊಟ್ಟ ಬಿಸ್ಕೀಟು ತಿಂದು, ಚಹಾ ಕುಡಿದು, ತೋಳಿಗೆ ಅಂಟಿಸಿದ ಹತ್ತಿಯನ್ನು ಪದಕದ ಹಾಗೆ ತೋರಿಸಿಕೊಂಡು ದಿನವಿಡೀ ಓಡಾಡಿದೆ. ಮುಂದಿನ ವಾರ ಹುಬ್ಬಳ್ಳಿಯ ರಕ್ತನಿಧಿಯಿಂದ ಫೋನ್ ಬಂತು. "ಮೇಡಂ, ನೀವೊಮ್ಮೆ ಬಂದು ಹೋಗ್ರಿ. ಫೋನಿನ್ಯಾಗ ಹೇಳಾಕ ಬರೂದಿಲ್ಲರಿ," ಎಂದಿತು ಒಂದು ಹೆಣ್ಣುದನಿ.

ಫೋನಿನಲ್ಲಿ ಹೇಳಲಾಗದ ಸುದ್ದಿ ಏನಿರಬಹುದೆಂದು ಊಹಿಸಲು ವಿಜ್ಞಾನ ಓದಬೇಕಿಲ್ಲ. ಎಚ್‌ಐವಿ ಎಂದೇ ತೀರ್ಮಾನಿಸಿದೆ. ಐವತ್ತು ದಾಟಿದ, ಮದುವೆಯಾಗದ ಹೆಂಗಸು ನಾನು. ಧಾರವಾಡದಲ್ಲಿ ಅಣ್ಣ ಮತ್ತು ಅವನ ಹೆಂಡತಿ, ನನ್ನ ವೈನಿಯ ಜೊತೆ ಅವ್ವ ಬಿಟ್ಟುಹೋದ ಮನೆಯಲ್ಲೇ ಇದ್ದವಳು. ಎಲ್ಲಿಂದ ಬಂದೀತು ಎಂದು ಯೋಚಿಸಿ ಯೋಚಿಸಿ ತಲೆ ಬಿಸಿಯಾಯಿತು. ಹಲ್ಲು ಕೀಳಿಸಿಕೊಂಡದ್ದು ನೆನಪಾಯಿತು. ಚಿಕ್ಕಂದಿನಲ್ಲಿ ಒಂದೇ ಸೂಜಿಯನ್ನು ಕುದಿಸಿ ಕುದಿಸಿ ಓಣಿಗೆಲ್ಲ ಚುಚ್ಚುತ್ತಿದ್ದ ಮುದುಕ ಡಾಕ್ಟರು ನೆನಪಾದರು. ಕಿವಿ ಚುಚ್ಚಿದ ಅಕ್ಕಸಾಲಿಗನನ್ನೂ ಬಿಡಲಿಲ್ಲ. ಮನೆಯಲ್ಲಿ ಹೇಳುವ ಧೈರ್ಯವಾಗದೆ ಒಬ್ಬಳೇ ಹುಬ್ಬಳ್ಳಿಯ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹೆಂಗಸು ಶೇಂಗಾ ಕೊಡಲು ಬಂದರೆ ಅಂಗೈ ಮುಚ್ಚಿಕೊಂಡೆ. ಮುಟ್ಟಿದರೆ ಹರಡುವುದಿಲ್ಲ ಎಂದು ಇಪ್ಪತ್ತು ವರ್ಷಗಳಿಂದ ಪಾಠ ಮಾಡಿದವಳ ಕೈ ಅದು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ರಕ್ತನಿಧಿಯ ಸಣ್ಣ ಕೋಣೆಯಲ್ಲಿ ಸಮಾಲೋಚಕಿ ಬಾಗಿಲು ಮುಂದೆ ಮಾಡಿ ನನ್ನೆದುರು ಕೂತಳು. "ಎಚ್‌ಐವಿ ಇಲ್ಲರಿ ಮೇಡಂ. ನಿಮ್ಮ ರಕ್ತದಾಗ ಹೆಪಟೈಟಿಸ್ ಬಿ ಐತಿ." ನಾನು ಜೋರಾಗಿ ನಕ್ಕುಬಿಟ್ಟೆ. ಅವಳು ನಗಲಿಲ್ಲ. "ಸಣ್ಣದಂತ ತಿಳೀಬ್ಯಾಡ್ರಿ. ರಕ್ತದಿಂದ ಹರಡೂದ್ರಾಗ ಇದು ಎಚ್‌ಐವಿಕ್ಕಿಂತ ಭಾಳ ಲಗೂರಿ. ಮತ್ತೊಮ್ಮೆ ಪರೀಕ್ಷಾ ಮಾಡಿಸಿ ಖಾತ್ರಿ ಮಾಡ್ಕೋರಿ, ಲಿವರ್ ಡಾಕ್ಟರಿಗೆ ತೋರಿಸ್ರಿ."

ಮತ್ತೊಮ್ಮೆ ಮಾಡಿದ ಪರೀಕ್ಷೆಯೂ ಅದನ್ನೇ ಹೇಳಿತು. ಡಾಕ್ಟರು ಸ್ಕ್ಯಾನ್ ಮಾಡಿಸಿ ನೋಡಿ, ಸದ್ಯಕ್ಕೆ ಗುಳಿಗೆ ಬೇಡ, ಆರು ತಿಂಗಳಿಗೊಮ್ಮೆ ಬಂದು ತೋರಿಸಿಕೊಂಡು ಹೋಗಿ ಎಂದರು. ಆಮೇಲೆ ಅವ್ವನ ಬಗ್ಗೆ ಕೇಳಿದರು. ಅವ್ವನ ಹೊಟ್ಟೆಯಲ್ಲಿ ನೀರು ತುಂಬಿತ್ತು, ಕಣ್ಣು ಅರಿಶಿನವಾಗಿದ್ದವು. ನಾವು ಕಾಮಣಿ ಎಂದು ನಾಟಿ ಔಷಧ ಹಾಕಿಸಿ, ಪಥ್ಯ ಹಿಡಿಸಿ, ಕಳೆದುಕೊಂಡಿದ್ದೆವು. ಡಾಕ್ಟರು ತಲೆಯಾಡಿಸಿದರು. ದೊಡ್ಡವರಿಗೆ ತಗುಲಿದರೆ ಬಹುತೇಕ ತಾನೇ ಹೋಗುತ್ತದೆ, ಹೆರಿಗೆಯಲ್ಲಿ ತಾಯಿಯಿಂದ ಕೂಸಿಗೆ ಬಂದರೆ ಜನ್ಮವಿಡೀ ಉಳಿಯುತ್ತದೆ ಎಂದರು. "ಮನ್ಯಾಗಿನವ್ರೆಲ್ಲಾ ಪರೀಕ್ಷಾ ಮಾಡಿಸ್ಕೊಳ್ಳಿ. ಇಲ್ಲದವ್ರು ಲಸಿಕಿ ತೊಗೊಳ್ಳಿ. ಇವತ್ತೊಂದು, ತಿಂಗಳ ಬಿಟ್ಟೊಂದು, ಆರನೇ ತಿಂಗಳಿಗೊಂದು, ಮುಗೀತು. ಬ್ಲೇಡು, ಹಲ್ಲುಜ್ಜೋ ಬ್ರಶ್ಶು, ಉಗುರು ಕತ್ತರಿ ನಿಮ್ಮದು ಬ್ಯಾರೆ ಇಟ್ಕೋರಿ. ತಾಟು, ಲೋಟಾ, ಅಪ್ಪಿಕೊಳ್ಳೂದು, ಇವಕ್ಕೆಲ್ಲಾ ಹೆದರಬ್ಯಾಡ್ರಿ."

ಸಂಜೆ ಚಹಾದ ಹೊತ್ತಿಗೆ ಇದನ್ನೆಲ್ಲ ಮನೆಯಲ್ಲಿ ಒಪ್ಪಿಸಿದೆ. ಅಣ್ಣ ಸರ್ಕಾರಿ ಕಚೇರಿಯಿಂದ ನಿವೃತ್ತನಾದವನು. ಎರಡು ಹೊತ್ತು ಸಂಧ್ಯಾವಂದನೆ ಮಾಡುತ್ತಾನೆ, ಹೋಟೆಲಿನ ನೀರೂ ಕುಡಿಯುವುದಿಲ್ಲ.

"ನಮ್ಮ ಮನಿತನದಾಗ ಇಂಥಾದ್ದು ಇಲ್ಲವ್ವಾ. ನನಗ ಯಾಕ ಪರೀಕ್ಷಾ?" ಎಂದ.

"ಅಣ್ಣಾ, ನನಗೂ ನಿನಗೂ ಅವ್ವ ಒಬ್ಬಾಕಿನ. ಅದಕ್ಕ."

"ಹೋದಾಕಿ ಮ್ಯಾಲೆ ಯಾಕ ಹಾಕ್ತಿ?" ಎಂದು ಎದ್ದು ಹೋದ. ವೈನಿ ನನ್ನ ಚಹಾದ ಬಟ್ಟಲನ್ನು ಸೆರಗಿನಲ್ಲಿ ಹಿಡಿದು ಹಿತ್ತಲಿಗೆ ಒಯ್ದರು.

ನಮ್ಮ ಅಡುಗೆಮನೆಯ ಹಿಂಬಾಗಿಲ ಪಕ್ಕ ಗೋಡೆಯಲ್ಲೊಂದು ಗೂಡು ಇದೆ. ಅವ್ವನ ಕಾಲದಲ್ಲಿ, ತಿಂಗಳಿಗೊಮ್ಮೆ ಹೊರಗೆ ಕೂಡುವ ಹೆಂಗಸರ ತಾಟು ಲೋಟ ಅಲ್ಲಿರುತ್ತಿದ್ದವು. ಚಿಕ್ಕವಳಿದ್ದಾಗ ನಾನೂ ಆ ತಾಟಿನಲ್ಲಿ ಉಂಡು, ತೊಳೆದು, ಅಲ್ಲೇ ಬೋರಲು ಹಾಕಿದವಳು. ಆ ಪದ್ಧತಿ ಬಿಟ್ಟು ಯಾವುದೋ ಕಾಲವಾಗಿತ್ತು, ನನ್ನ ಹೊರಗಿನ ದಿನಗಳೇ ಮುಗಿದು ವರ್ಷಗಳಾಗಿದ್ದವು. ಮರುದಿನ ಮುಂಜಾನೆ ನೋಡಿದರೆ ನನ್ನ ತಾಟು, ಲೋಟ, ಬಟ್ಟಲು ಆ ಗೂಡಿನಲ್ಲಿ ಕೂತಿದ್ದವು. ಯಾರೂ ಜಗಳವಾಡಲಿಲ್ಲ, ಯಾರೂ ಬೈಯಲಿಲ್ಲ. ಜಾಗ ಮೊದಲೇ ಇತ್ತು, ಇಟ್ಟರು, ಅಷ್ಟೆ.

ವೈನಿ ಕೆಟ್ಟವರಲ್ಲ, ಅದನ್ನು ಮೊದಲು ಹೇಳಬೇಕು. ಬಿಸಿ ಅನ್ನಕ್ಕೆ ಎಲ್ಲರಿಗಿಂತ ಹೆಚ್ಚು ತುಪ್ಪ ನನಗೇ ಹಾಕುತ್ತಿದ್ದರು. ಮೊಳದ ಎತ್ತರದಿಂದ ಹಾಕುತ್ತಿದ್ದರು, ಅದೊಂದೇ ವ್ಯತ್ಯಾಸ. ಅವರ ಲೆಕ್ಕದಲ್ಲಿ ಜಗತ್ತಿನ ಕೆಟ್ಟದ್ದೆಲ್ಲ ಎಂಜಲಿನಿಂದ ಬರುತ್ತದೆ. ಬಾಯಿಗೆ ತಾಗಿದ್ದನ್ನು ದೂರ ಇಟ್ಟರೆ ಮನೆ ಕ್ಷೇಮ. ಬಚ್ಚಲಮನೆಯ ಮೊಳೆಗೆ ನೇತುಹಾಕಿದ ಉಗುರು ಕತ್ತರಿ ಮಾತ್ರ ಮೊದಲಿನಂತೆ ಎಲ್ಲರಿಗೂ ಒಂದೇ ಇತ್ತು. ನಾನು ಬೇರೆಯದು ತಂದು ನನ್ನ ಕಪಾಟಿನಲ್ಲಿ ಇಟ್ಟುಕೊಂಡಾಗ ವೈನಿ ನಕ್ಕರು. "ಏನ್ರಿ, ಉಗುರಿಗೂ ಮಡಿ ಏನು?"

"ಮಡಿ ಅಲ್ಲರಿ ವೈನಿ, ರಕ್ತ ಹತ್ತೋದು ಅದಕ್ಕ. ತಾಟಿಗಲ್ಲ."

"ಇರ್ಲಿ ಬಿಡ್ರಿ," ಎಂದು ಅವರು ತಾಟಿನ ಮೇಲೆ ಇನ್ನೊಂದು ತಂಬಿಗೆ ಬಿಸಿನೀರು ಸುರಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನಮ್ಮ ಮನೆಯಲ್ಲಿ ಬರೆ ಬಿದ್ದದ್ದು ಒಂದು ಸ್ಟೀಲಿನ ತಾಟಿಗೆ. ಪರೀಕ್ಷೆಗೆ ಯಾರೂ ಹೋಗಲಿಲ್ಲ, ಲಸಿಕೆಯ ಮಾತು ಯಾರೂ ಎತ್ತಲಿಲ್ಲ. ನಾನು ಎತ್ತಿದಾಗಲೆಲ್ಲ ಅಣ್ಣನಿಗೆ ಪೇಟೆಯಲ್ಲಿ ಕೆಲಸ ಬರುತ್ತಿತ್ತು.

ಅದೇ ವರ್ಷ ಹತ್ತನೆಯ ತರಗತಿಗೆ ಏಡ್ಸ್ ಪಾಠ ಮಾಡಿದೆ. ಅಸುರಕ್ಷಿತ ಸಂಭೋಗ, ಸೂಜಿ, ರಕ್ತ, ತಾಯಿಯಿಂದ ಮಗುವಿಗೆ ಎಂದು ಹಲಗೆಯ ಎಡಕ್ಕೆ ಬರೆದೆ. ಬಲಕ್ಕೆ, ಹೀಗೆ ಹರಡುವುದಿಲ್ಲ ಎಂದು ಬರೆದು, ಜೊತೆಗೆ ಉಣ್ಣುವುದರಿಂದ ಎಂದು ಸೇರಿಸಿದೆ. ಹೆಪಟೈಟಿಸ್ ಬಿ ಕೂಡ ಹೆಚ್ಚುಕಡಿಮೆ ಇದೇ ದಾರಿಯದು, ಆದರೆ ಅದಕ್ಕೆ ಲಸಿಕೆ ಇದೆ, ಎಚ್‌ಐವಿಗೆ ಇಲ್ಲ ಎಂದೂ ಹೇಳಿದೆ. ಮುಂದಿನ ಬೆಂಚಿನ ಹುಡುಗಿ ಎದ್ದು ಕೇಳಿದಳು: "ಹಂಗಂದ್ರ ಟೀಚರ್, ಮಂದಿ ಯಾಕ ದೂರ ಇಡ್ತಾರ್ರಿ?" ನನಗೆ ಸಿಟ್ಟು ಬಂತು. "ಅದು ಪರೀಕ್ಷಾಕ್ಕ ಬರೂದಿಲ್ಲ, ಕೂಡು," ಎಂದೆ.

ಅಷ್ಟರಲ್ಲಿ ಅಣ್ಣನ ಮಗಳು ಬಸುರಿಯಾದಳು. ಅವಳೊಬ್ಬಳೇ ಮಗಳು. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಅವಳ ಗಂಡನ ಮನೆ. ಅವಳು ಹುಟ್ಟಿದಾಗ ತೊಟ್ಟಿಲಿಗೆ ಬಗ್ಗಿ ಕಿವಿಯಲ್ಲಿ ಹೆಸರು ಹೇಳಿದವಳು ಸೋದರತ್ತೆಯಾದ ನಾನು. ಬೆಳೆಸಿದ್ದೂ ಅರ್ಧ ನಾನೇ. ಆಸ್ಪತ್ರೆಯಲ್ಲಿ ಬಸುರಿಯರಿಗೆಲ್ಲ ಮಾಡುವ ಹಾಗೆ ಅವಳಿಗೂ ಎಚ್‌ಐವಿ, ಹೆಪಟೈಟಿಸ್ ಬಿ ಪರೀಕ್ಷೆ ಮಾಡಿದರು. ಎರಡೂ ಇಲ್ಲವೆಂದು ಗೊತ್ತಾದ ದಿನ ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತು ಅತ್ತೆ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಆ ಕೂಸನ್ನು ಎತ್ತಿಕೊಳ್ಳಬೇಕು ಎಂಬುದೊಂದೇ ಆಗ ನನಗಿದ್ದ ಆಸೆ. ಮಕ್ಕಳಿಲ್ಲದವಳಿಗೆ ಮೊಮ್ಮಗು ಸಿಗುವ ದಾರಿ ಅದೊಂದೇ.

ವೈನಿ ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ಮೊರ ನೋಡಿಕೊಂಡೇ ಮಾತು ತೆಗೆದರು. "ಕೂಸು ಬರೋ ಮನಿ ಅದರಿ. ಬೀಗರು ಬಂದು ಹೋಗಿ ಮಾಡ್ತಾರ. ಗೂಡಿನ್ಯಾಗಿನ ತಾಟು ನೋಡಿ ಏನಂತ ಕೇಳಿದ್ರ ನಾ ಏನು ಹೇಳ್ಲಿ? ಬಾಣಂತನ ಮುಗಿಯೂ ತನಕಾ ಅಷ್ಟ..."

ನಾನು ವಾಕ್ಯ ಮುಗಿಸಲು ಬಿಡಲಿಲ್ಲ. "ನಾ ನೋಡ್ಕೋತೇನಿ ಬಿಡ್ರಿ," ಎಂದೆ. ಹೋಗು ಎನ್ನಿಸಿಕೊಂಡು ಹೋಗುವುದಕ್ಕಿಂತ ನಾನೇ ಹೋದೆ ಅನ್ನುವುದು ವಾಸಿ. ಅಣ್ಣ ಪೇಪರಿನ ಹಿಂದೆ ಇದ್ದ. ಪುಟ ತಿರುವುವುದನ್ನು ನಿಲ್ಲಿಸಿದ್ದ, ಅಷ್ಟು ಕಂಡಿತು.

ಊರಂಚಿನ ಲಕಮನಹಳ್ಳಿಯಲ್ಲಿ ಮಹಡಿಯ ಮೇಲಿನ ಒಂದು ಕೋಣೆ ಸಿಕ್ಕಿತು. ಸುತ್ತ ಕಾರ್ಖಾನೆಗಳು. ಪಾಳಿ ಬದಲಾಗುವಾಗ ರಸ್ತೆ ತುಂಬ ಬೈಕುಗಳು, ಆಮೇಲೆ ಖಾಲಿ. ಮೊದಲ ಕೆಲವು ದಿನ ಹಾಯೆನಿಸಿತು. ಬೇಕಾದ ತಾಟಿನಲ್ಲಿ ಉಂಡೆ, ಬೇಕಾದಲ್ಲಿ ಇಟ್ಟೆ. ಆಮೇಲೆ ಒಬ್ಬಳಿಗಾಗಿ ಸಾರು ಮಾಡುವುದೇ ಬೇಸರವಾಗಿ ಖಾನಾವಳಿಯಿಂದ ಎರಡು ರೊಟ್ಟಿ ತಂದು ಮೊಸರು ಹಚ್ಚಿಕೊಂಡು ತಿನ್ನತೊಡಗಿದೆ. ಶನಿವಾರ ಶಾಲೆ ಬಿಟ್ಟರೆ ಮಾತಾಡಲು ಯಾರೂ ಇರುತ್ತಿರಲಿಲ್ಲ. ಸೋಮವಾರ ಪ್ರಾರ್ಥನೆಗೆ ಬಾಯಿ ತೆರೆದರೆ ಗಂಟಲು ಕಟ್ಟಿರುತ್ತಿತ್ತು. ತಂಪು ಹತ್ತೇದೇನ್ರಿ ಎಂದು ಸಹೋದ್ಯೋಗಿಗಳು ಕೇಳುತ್ತಿದ್ದರು. ಹೌದೆನ್ನುತ್ತಿದ್ದೆ.

ಹೆಣ್ಣು ಕೂಸು ಹುಟ್ಟಿತು. ಹುಟ್ಟಿದ ದಿನವೇ ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸು ಹಾಕಿದರು, ಎಲ್ಲ ಕೂಸುಗಳಿಗೂ ಹಾಕುತ್ತಾರೆ. ನಾನು ಆಸ್ಪತ್ರೆಗೆ ಓಡಿದೆ. ಮಂಚದ ಮೇಲೆ ಮಲಗಿದ್ದ ಹುಡುಗಿ ನನ್ನನ್ನು ನೋಡಿದ್ದೇ, "ಅತ್ತಿ ಬಂದ್ಲು, ಅವ್ವಾ, ಕೂಸಿನ್ನ ಅತ್ತಿ ಕೈಯಾಗ ಕೊಡು," ಎಂದಳು. ವೈನಿ ಕೂಸನ್ನು ಇನ್ನಷ್ಟು ಎದೆಗವಚಿಕೊಂಡರು. "ಈಗ ಕಣ್ಣು ಹತ್ತೇದ. ಆಮ್ಯಾಲೆ."

"ವೈನಿ, ಎತ್ತಿಕೊಂಡ್ರ ಬರೋ ರೋಗ ಅಲ್ಲರಿ ಅದು. ಮ್ಯಾಲೆ ಲಸಿಕಿನೂ ಹಾಕ್ಯಾರ."

"ಖರೇ ಅದರಿ. ಆದ್ರೂ..."

ಆ 'ಆದ್ರೂ' ಎಂಬುದಕ್ಕೆ ಯಾರೂ ಇನ್ನೂ ಲಸಿಕೆ ಕಂಡುಹಿಡಿದಿಲ್ಲ. ಬಾಣಂತಿಗೆಂದು ಒಯ್ದಿದ್ದ ಅಂಟಿನುಂಡಿಯ ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಬಂದೆ. ಆ ಉಂಡಿಯನ್ನು ಯಾರಾದರೂ ತಿಂದರೋ ಇಲ್ಲವೋ ಕೇಳುವ ಧೈರ್ಯವಾಗಲಿಲ್ಲ.

ಬಾಣಂತನ ಮುಗಿಯಿತು. ಅಳಿಯನಿಗೆ ಬೇರೆ ಊರಿಗೆ ವರ್ಗವಾದ್ದರಿಂದ ತಾಯಿ ಮಗು ತವರಿನಲ್ಲೇ ಉಳಿದರು. ವಾಪಸು ಬಾ ಎಂದು ನನ್ನನ್ನು ಯಾರೂ ಕರೆಯಲಿಲ್ಲ. ಬರಬೇಡ ಎಂದೂ ಯಾರೂ ಹೇಳಿರಲಿಲ್ಲ. ಕೂಸು ಬೋರಲು ಬಿದ್ದದ್ದು, ಕೂತದ್ದು, ಮೊದಲ ಹಲ್ಲು ಬಂದದ್ದು, ಎಲ್ಲವನ್ನೂ ಫೋನಿನಲ್ಲಿ ಬಂದ ಚಿತ್ರಗಳಲ್ಲಿ ನೋಡಿದೆ. ಹಬ್ಬಕ್ಕೆ ಎರಡು ಸಲ ಹೋಗಿ ಪಡಸಾಲೆಯಲ್ಲಿ ಕೂತು ಬಂದೆ. ಎರಡೂ ಸಲ ಕೂಸಿಗೆ ನಿದ್ದೆ ಬಂದಿತ್ತು.

ಹೀಗಿರುವಾಗ ಅಣ್ಣನಿಗೆ ಹರ್ನಿಯಾ ಆಪರೇಷನ್ ಮಾಡಬೇಕಾಯಿತು. ಆಪರೇಷನ್ನಿಗೆ ಮೊದಲು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದರು. ಶಾಲೆಯಲ್ಲಿ ಊಟದ ಬಿಡುವಿದ್ದಾಗ ವೈನಿಯ ಫೋನ್ ಬಂತು.  "ಅವರಿಗೂ ಬಂದದಂತರಿ. ನಿಮ್ಮದು."

"ನನ್ನದಲ್ಲರಿ ವೈನಿ. ಅವ್ವನಿಂದ ಬಂದಿದ್ದು, ಇಬ್ಬರಿಗೂ. ನನಗ ಬಂದಂಗ ಅವಗೂ ಹುಟ್ಟಿದಾಗನ ಬಂದಿರಬೇಕು." ಫೋನಿನಲ್ಲಿ ಅಳು ಕೇಳಿಸಿತು. ನನಗೆ ಮರುಕಕ್ಕಿಂತ ಮೊದಲು ಬಂದದ್ದು ಕೋಪ. ಅವನ ಲಿವರ್ ಆಗಲೇ ಗಡುಸಾಗತೊಡಗಿತ್ತು. ದಿನಕ್ಕೊಂದು ಗುಳಿಗೆ ಶುರುಮಾಡಿದರು, ಮುಂದಕ್ಕೆ ಹೋಗದಂತೆ ತಡೆಯಬಹುದು ಎಂದರು. ನಾನು ಚಹಾದ ಹೊತ್ತಿಗೆ ಹೇಳಿದ ಮರುದಿನವೇ ಹೋಗಿದ್ದರೆ ಅಷ್ಟು ಮುಂಚೆ ತಿಳಿಯುತ್ತಿತ್ತು. ಇನ್ನು ವೈನಿ, ಹೆಂಡತಿಯಾದವರು, ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿ ಇದ್ದವರು. ಅವರಿಗೂ ಪರೀಕ್ಷೆಯಾಯಿತು. ದೇವರ ದಯೆ, ತಗುಲಿರಲಿಲ್ಲ. ವೈನಿ, ಅವರ ಮಗಳು ಇಬ್ಬರೂ ಒಂದೇ ದಿನ ಲಸಿಕೆಯ ಮೊದಲ ಡೋಸು ತೆಗೆದುಕೊಂಡರು. ಜೊತೆಗೆ ನಾನು ಹೋಗಿದ್ದೆ. ಸೂಜಿ ನೋಡಿ ವೈನಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಮುಟ್ಟಿದ್ದು ಅವರಿಗೆ ತಿಳಿದಂತಿರಲಿಲ್ಲ. ನನಗೆ ಮಾತ್ರ ತಿಳಿಯಿತು.

ಆಪರೇಷನ್ ಸುಸೂತ್ರವಾಯಿತು. ಅಣ್ಣ ಚೇತರಿಸಿಕೊಂಡ ಮೇಲೆ ಒಂದು ಭಾನುವಾರ ಊಟಕ್ಕೆ ಕರೆದರು. ಒಳಗೆ ಹೋದೆ. ಅಣ್ಣ ತನ್ನ ಎಂದಿನ ಜಾಗದಲ್ಲಿ ಕೂತಿದ್ದ. ತೊಡೆಯ ಮೇಲೆ ಕೂಸು. ತನ್ನ ತಾಟಿನ ಅನ್ನ ಸಾರನ್ನೇ ನುಣ್ಣಗೆ ಕಿವಿಚಿ ಅದರ ಬಾಯಿಗೆ ಇಡುತ್ತಿದ್ದ. ಅದು ಅವನ ಬೆರಳು ಚೀಪುತ್ತಿತ್ತು. ಅದರಲ್ಲಿ ತಪ್ಪೇನೂ ಇರಲಿಲ್ಲ, ಆ ಕೂಸಿಗೆ ಅಷ್ಟರಲ್ಲಿ ಎಲ್ಲ ಚುಚ್ಚುಮದ್ದು ಆಗಿದ್ದವು. ನಾನು ನಿಂತು ನೋಡುತ್ತಿದ್ದದ್ದನ್ನು ಕಂಡು ವೈನಿ ತಾವಾಗಿಯೇ ಹೇಳಿದರು. "ಡಾಕ್ಟರ್ ಹೇಳ್ಯಾರರಿ, ಊಟದಿಂದ ಏನೂ ಆಗೂದಿಲ್ಲಂತ. ನಾವ ಸುಮ್ಮನ ಹೆದರಿದ್ವಿ."

"ಹೌದ್ರಿ," ಎಂದೆ. ನಾಲಿಗೆಯ ತುದಿಗೆ ಬೇರೆ ಮಾತುಗಳಿದ್ದವು. ಅಣ್ಣ ತಲೆ ಎತ್ತಿ ನನ್ನನ್ನು ನೋಡಿ, ಮತ್ತೆ ತಾಟಿನ ಕಡೆ ಬಗ್ಗಿದ. ಅವನ ಕುತ್ತಿಗೆ ಬಹಳ ಸೊರಗಿತ್ತು. ನುಂಗಿಕೊಂಡೆ.

ವೈನಿ ಕೂಸಿನ ಬಾಯಿ ಒರೆಸಿ, ಎತ್ತಿ ತಂದು, "ತೊಗೋರಿ ನಿಮ್ಮ ಮೊಮ್ಮಗಳ್ನ," ಎಂದು ನನ್ನ ಕೈಗೆ ಕೊಟ್ಟರು. ಎಷ್ಟು ಭಾರವಾಗಿತ್ತು! ಚಿತ್ರಗಳಲ್ಲಿ ಭಾರ ತಿಳಿದಿರಲಿಲ್ಲ. ಎದೆಗೆ ಒತ್ತಿಕೊಂಡೆ. ಅದು ಹಿಂದಕ್ಕೆ ಬಾಗಿ ನನ್ನ ಮುಖವನ್ನು ನೋಡಿತು. ಕನ್ನಡಕ ನೋಡಿತು, ಕುಂಕುಮ ನೋಡಿತು. ಕೆಳತುಟಿ ಮುಂದೆ ಬಂತು. ಆಮೇಲೆ ಜೀವ ಹೋದ ಹಾಗೆ ಅಳತೊಡಗಿ, ಎರಡೂ ಕೈ ಚಾಚಿ ಅಣ್ಣನ ಕಡೆ ಜಿಗಿಯಿತು.

"ಗುರ್ತ ಇಲ್ಲಲ್ಲರಿ, ಅದಕ್ಕ," ಎಂದರು ವೈನಿ. "ಈ ವಯಸ್ಸಿನ್ಯಾಗ ಹೊರಗಿನವ್ರನ್ನ ಕಂಡ್ರ ಹಿಂಗ ಮಾಡ್ತಾವ."

ಕೂಸನ್ನು ಅಣ್ಣನಿಗೆ ಕೊಟ್ಟೆ. ಅವನ ಹೆಗಲಿಗೆ ಕೆನ್ನೆ ಹಚ್ಚಿದ್ದೇ ಅಳು ನಿಂತಿತು. ಅಲ್ಲಿಂದ ಅದು ಒದ್ದೆ ಕಣ್ಣಿನಿಂದ ನನ್ನನ್ನೇ ನೋಡುತ್ತಿತ್ತು, ಇವರು ಯಾವಾಗ ಎದ್ದು ಹೋಗುತ್ತಾರೆ ಎಂಬ ಹಾಗೆ.