ಕೈಮಾತಿನ ಗೋಲ್‌ಕೀಪರ್

ನಾನು ದಾಂಡೇಲಿಯ ಕಾಗದದ ಮಿಲ್ಲಿನವನು, ಅದರಲ್ಲೂ ಮಶೀನ್ ಹೌಸಿನವನು. ಅಲ್ಲಿ ಬಾಯಿಗೆ ಕೆಲಸವಿಲ್ಲ. ಪಕ್ಕದವನು ಗಂಟಲು ಹರಿಯುವಂತೆ ಕೂಗಿದರೂ ಯಂತ್ರದ ಸದ್ದಿನಲ್ಲಿ ಕೇಳುವುದಿಲ್ಲವಾದ್ದರಿಂದ ಎಲ್ಲರೂ ಕೈಯಲ್ಲೇ ಮಾತಾಡುತ್ತೇವೆ. ಎರಡು ಬೆರಳು ತುಟಿಗಿಟ್ಟರೆ ಚಹಾ. ಅಂಗೈ ನೆತ್ತಿಯ ಮೇಲಿಟ್ಟರೆ ಸಾಹೇಬರು ಬಂದರು. ಎರಡು ಮುಷ್ಟಿ ಎದೆಯ ಮುಂದೆ ಹಿಡಿದು ಅರಿವೆ ಹರಿದ ಹಾಗೆ ಎಳೆದರೆ, ಹಾಳೆ ಹರಿಯಿತು, ನಿಲ್ಲಿಸು. ಈ ಕೊನೆಯ ಸನ್ನೆಗೆ ಮಾತ್ರ ಒಂದು ಕಟ್ಟುಪಾಡು ಇದೆ. ಅದನ್ನು ಯಾರೇ ತೋರಿಸಲಿ, ನಿನ್ನೆ ಸೇರಿದವನೇ ತೋರಿಸಲಿ, ಮೊದಲು ನಿಲ್ಲಿಸಬೇಕು. ಯಾಕೆ, ಏನು ಎಂಬುದೆಲ್ಲ ಆಮೇಲೆ.

ನನ್ನ ಜೊತೆ ಅಲ್ಲಿ ಬಹಳ ವರ್ಷ ದುಡಿದ ಗೆಳೆಯನೊಬ್ಬನಿದ್ದಾನೆ. ನಮ್ಮ ಫುಟ್‌ಬಾಲ್ ಟೀಮಿನ ಗೋಲ್‌ಕೀಪರ್ ಆಗಿದ್ದವನು. ಆಟ ಬಿಟ್ಟು ಎಷ್ಟೋ ಕಾಲವಾದರೂ ನಮಗೆಲ್ಲ ಅವನು ಕೀಪರ್. ಒಂದು ದಿನ ಬೆನ್ನುನೋವು ಎಂದು ಹೇಳಿ ಮಿಲ್ಲು ಬಿಟ್ಟ. ಒಂದು ಹಳೆಯ ಜೀಪು ಕೊಂಡು ಪ್ರವಾಸಿಗರನ್ನು ಕಾಡು, ಹೊಳೆ ಎಂದು ತಿರುಗಿಸತೊಡಗಿದ. ಮಳೆಗಾಲದಲ್ಲಿ ಆ ದುಡಿಮೆಯೂ ಇರುತ್ತಿರಲಿಲ್ಲ. ನನ್ನ ತಂಗಿಯನ್ನು ಕುಂಬಾರವಾಡಕ್ಕೆ ಕೊಟ್ಟಿದ್ದೇವೆ. ಆ ಕಡೆ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಕ್ಕಳನ್ನು ಜೋಯಿಡಾದ ಶಾಲೆಗೆ ಮುಟ್ಟಿಸಲು ಒಂದು ಗಾಡಿ ಬೇಕೆಂದು ಊರವರು ಹುಡುಕುತ್ತಿದ್ದರು. ನಾನೇ ಮುಂದೆ ಬಿದ್ದು ಕೀಪರನ ಹೆಸರು ಹೇಳಿದೆ. "ಅವನ ಕೈಯಾಗ ಮಕ್ಕಳನ್ನ ಕೊಟ್ಟು ಆರಾಮ ಇರ್ರಿ" ಎಂದು ಭಾವನಿಗೆ ಭರವಸೆಯನ್ನೂ ಕೊಟ್ಟೆ. ಆ ಮಕ್ಕಳಲ್ಲಿ ನನ್ನ ತಂಗಿಯ ಮಗಳೂ ಒಬ್ಬಳು.

ಸೋಮವಾರದಿಂದ ಕೆಲಸ ಶುರು. ವಾರವಿಡೀ ಕೀಪರ್ ನನ್ನ ತಂಗಿಯ ಮನೆಯಲ್ಲೇ ಉಳಿಯುವುದೆಂದು ಮಾತಾಗಿತ್ತು. ಅದಕ್ಕೂ ಮೊದಲು ಒಂದು ಸಲ ಗೆಳೆಯರೆಲ್ಲ ಎಲ್ಲಾದರೂ ಹೋಗಿ ಬರೋಣ ಎಂದವನು ಕೀಪರನೇ. ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಫುಟ್‌ಬಾಲ್ ಪಂದ್ಯಗಳು ನಡೆಯುತ್ತಿದ್ದವು, ಭಾನುವಾರ ಬೆಳಿಗ್ಗೆ ಫೈನಲ್. ಶನಿವಾರ ನನ್ನ ಶಿಫ್ಟ್ ಮುಗಿದ ಮೇಲೆ ಅವನದೇ ಜೀಪಿನಲ್ಲಿ ಹೊರಟೆವು. ಹಳಿಯಾಳದಲ್ಲಿ ಗ್ಯಾರೇಜು ಇಟ್ಟಿರುವ ನಮ್ಮ ಮಿಸ್ತ್ರಿ ಹತ್ತಿಕೊಂಡ. ಅವನು ಹಿಂದೆ ನಮ್ಮ ಟೀಮಿನ ಫಾರ್ವರ್ಡ್. ಈಗ ಹೊಟ್ಟೆಯೇ ಅವನಿಗಿಂತ ಮುಂದೆ ಓಡುತ್ತದೆ.

ಜೀಪಿನಲ್ಲೂ ನಾನು ಮತ್ತು ಕೀಪರ್ ಕೈಮಾತಿನಲ್ಲೇ ಇದ್ದೆವು. ಚಹಾ ಬೇಕೇನು, ಎಡಕ್ಕೆ ತಿರುಗು, ಇನ್ನೂ ದೂರ. ಹಿಂದೆ ಕೂತ ಮಿಸ್ತ್ರಿಗೆ ಸಿಟ್ಟು ಬಂತು.

"ಅರೇ ಯಾರ್, ನಾನೂ ಒಬ್ಬಾಂವ ಇದೀನಿ. ಬಾಯಿ ಬಿಟ್ಟು ಮಾತಾಡ್ರಿ. ಇಲ್ಲೇನು ಮಶೀನ್ ಓಡಾಕತ್ತೈತೇನು?"

ನಾವು ನಕ್ಕೆವು. ಹಳೆಯ ರೂಢಿ, ಬಿಡಬೇಕೆಂದರೂ ಬಿಡದು ಎಂದೇ ನಾನು ತಿಳಿದಿದ್ದೆ. ನನಗೆ ಅದರಲ್ಲಿ ಸ್ವಲ್ಪ ಜಂಬವೂ ಇತ್ತು.

ಸಾಂಬ್ರಾಣಿ ದಾಟುವಾಗ ಮಿಸ್ತ್ರಿ ಕಿವಿ ನಿಮಿರಿಸಿದ. "ಬ್ರೇಕ್ ಹಾಕಿದಾಗೊಮ್ಮೆ ಕಿರ್ ಅಂತೈತಲ್ಲ, ಎಷ್ಟು ದಿನ ಆತು?"

ಕೀಪರ್ ರಸ್ತೆ ನೋಡುತ್ತ ಸುಮ್ಮನಿದ್ದ. ಮಿಸ್ತ್ರಿ ಭುಜ ಹಿಡಿದು ಅಲ್ಲಾಡಿಸಿ ಮತ್ತೆ ಕೇಳಿದ ಮೇಲೆ, "ಏನೂ ಇಲ್ಲ, ಗಾಡಿ ಚಲೋ ಐತಿ" ಎಂದ. ಮಿಸ್ತ್ರಿ ಬಿಡಲಿಲ್ಲ. ಮರದ ನೆರಳಿಗೆ ಗಾಡಿ ನಿಲ್ಲಿಸಿ ಚಕ್ರ ಬಿಚ್ಚಿದರೆ ಬ್ರೇಕ್ ಪ್ಯಾಡು ಸವೆದು ತಗಡಿಗೆ ಬಂದು ಮುಟ್ಟಿತ್ತು. ಇಂಥ ಸದ್ದು ಸಣ್ಣ ಹುಡುಗನಿಗೂ ಗೊತ್ತಾಗುತ್ತದೆ ಎಂದು ಬೈಯುತ್ತಲೇ ಮಿಸ್ತ್ರಿ ತನ್ನ ಚೀಲದಿಂದ ಬೇರೆ ಪ್ಯಾಡು ತೆಗೆದು ಹಾಕಿದ. ಮುಂದೆ ಕಾಡಿನ ರಸ್ತೆಯಲ್ಲಿ ಒಂದು ಲಾರಿ ಬಹಳ ಹೊತ್ತು ಬೆನ್ನ ಹಿಂದೆ ಹಾರ್ನ್ ಬಾರಿಸಿತು. ಕೀಪರ್ ದಾರಿ ಕೊಡಲೇ ಇಲ್ಲ. ಗೋಲ್‌ಪೋಸ್ಟ್ ಕಾಯ್ದವನ ಹಟ ಇನ್ನೂ ಹೋಗಿಲ್ಲ ಎಂದು ನಾನು ಚೇಷ್ಟೆ ಮಾಡಿದೆ. ಲಾರಿಯವನು ಕೊನೆಗೆ ಹೇಗೋ ಮುಂದೆ ಹೋಗಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ನಮ್ಮ ಮನೆಯವರನ್ನೆಲ್ಲ ನೆನೆದು ಹೋದ.

ಭಾನುವಾರ ಬೆಳಿಗ್ಗೆ ಮೈದಾನದ ಸುತ್ತ ಜನ. ಕೆಂಪು ಬಟ್ಟೆಯ ಲಾಮಾಗಳು ಹುಲ್ಲಿನ ಮೇಲೆ ಸಾಲಾಗಿ ಕೂತಿದ್ದರು. ಹೆಂಗಸರು ಫ್ಲಾಸ್ಕಿನಲ್ಲಿ ಚಹಾ ತಂದಿದ್ದರು. ನಾವು ನೀಲಿ ಅಂಗಿಯ ಟೀಮಿನ ಪರವಾಗಿದ್ದೆವು, ಅವರ ಗೋಲ್‌ಕೀಪರ್ ಚೆನ್ನಾಗಿದ್ದಾನೆಂಬ ಒಂದೇ ಕಾರಣಕ್ಕೆ. ಆಟ ಮುಗಿಯುತ್ತ ಬಂದಾಗ ನೀಲಿಯವರು ಚೆಂಡನ್ನು ಬಲೆಗೆ ನುಗ್ಗಿಸಿದರು. ಜನವೆಲ್ಲ ಎದ್ದು ಕೂಗಿತು. ಅಷ್ಟರಲ್ಲಿ ರೆಫರಿ ಸೀಟಿ ಊದಿದ. ಆಫ್‌ಸೈಡ್, ಗೋಲು ಲೆಕ್ಕಕ್ಕಿಲ್ಲ. ಕೂಗು ನಡುವೆಯೇ ನಿಂತುಹೋಯಿತು.

ನಿಲ್ಲದೆ ಉಳಿದದ್ದು ಒಂದೇ ದನಿ. ಕೀಪರ್ ಎರಡೂ ಕೈ ಮೇಲೆತ್ತಿ, ಕಣ್ಣು ಮುಚ್ಚಿ, "ಗೋಲ್! ಗೋಲ್!" ಎಂದು ಒದರುತ್ತಲೇ ಇದ್ದ. ಲಾಮಾಗಳು ತಿರುಗಿ ನೋಡಿದರು. ಯಾರೋ ನಕ್ಕರು. ಪಕ್ಕದಲ್ಲೇ ಕೂತಿದ್ದ ಮಿಸ್ತ್ರಿ, "ಲೇ ಕೀಪರ್, ಸೀಟಿ ಹೊಡೆದ್ನಲ್ಲೋ, ಕುಂದರು" ಎಂದು ಎರಡು ಸಲ ಹೇಳಿದ. ಅವನು ಕೂರಲಿಲ್ಲ. ಕಣ್ಣು ತೆರೆದಾಗ ಸುತ್ತಲಿನ ಮುಖಗಳನ್ನು ಕಂಡು ಗಾಬರಿಯಾಗಿ ನನ್ನ ಕಡೆ ತಿರುಗಿದ. ನನ್ನ ಕೈ ತಾನಾಗಿಯೇ ಎದ್ದಿತು. ಎದೆಯ ಮುಂದೆ ಎರಡು ಮುಷ್ಟಿ ಹಿಡಿದು ಎಳೆದೆ. ಹಾಳೆ ಹರಿಯಿತು.

ತಕ್ಷಣ ಕೂತ.

ಆಗ ನನಗೆ ಎಲ್ಲವೂ ಒಟ್ಟಿಗೆ ಹೊಳೆಯಿತು. ಅವನು ಮಿಲ್ಲು ಬಿಟ್ಟ ಮೇಲೂ ನಾನು ಅವನ ಜೊತೆ ಬಾಯಿಂದ ಆಡಿದ ಮಾತು ಎಷ್ಟು? ಮನೆಗೆ ಹೋದರೆ ಬಾಗಿಲಲ್ಲೇ ಕೈ ಎತ್ತುತ್ತಿದ್ದೆ, ಅವನೂ ಎತ್ತುತ್ತಿದ್ದ. ಫೋನ್ ಮಾಡಿದರೆ ಯಾವಾಗಲೂ ಹೆಂಡತಿಯೇ ಎತ್ತುತ್ತಿದ್ದಳು. ದಿನವೂ ಬಾಯಿಂದ ಮಾತಾಡುವ ಗೆಳೆಯನಾಗಿದ್ದರೆ ಎಂಟೇ ದಿನದಲ್ಲಿ ತಿಳಿದುಕೊಳ್ಳುತ್ತಿದ್ದ. ಮಶೀನ್ ಹೌಸಿನವನಾದ ನನಗೆ ತಿಳಿಯಲಿಲ್ಲ. ಆಟದ ಉಳಿದ ಭಾಗ ನಾನು ನೋಡಲಿಲ್ಲ.

ಮೈದಾನದ ಹೊರಗೆ ಶ್ಯಾವಿಗೆ ಸಾರಿನಂಥ ಥುಕ್ಪಾ ಮಾರುವ ಅಂಗಡಿಯಲ್ಲಿ ಅವನ ಎದುರು ಕೂತೆ. ಬಾಯಿ ಅಗಲಿಸಿ, ನಿಧಾನವಾಗಿ ಕೇಳಿದೆ. "ಎಷ್ಟು ಕೇಳ್ತದ?"

ಮೊದಲು ನಕ್ಕ. ಆಮೇಲೆ ಬಟ್ಟಲು ದೂಡಿದ.

"ಎಡಗಿವಿ ಪೂರಾ ಹೋಗೇತಿ. ಬಲಗಿವಿ ಹತ್ತಿರ ಬಂದು ಒದರಿದ್ರ ಅಷ್ಟ. ನಮ್ಮ ಅವ್ವಗೂ ಹಿಂಗ ಆಗಿತ್ತು. ಧಾರವಾಡದ ಡಾಕ್ಟರು ಮಶೀನ್ ಹಾಕ್ಕೋ ಅಂದಾರ."

"ಮತ್ತ ಯಾಕ ಹಾಕ್ಕೊಂಡಿಲ್ಲ?" ಎಂದು ಮಿಸ್ತ್ರಿ ಅವನ ಬಲಗಿವಿಗೆ ಬಾಯಿಟ್ಟು ಕೇಳಿದ.

"ಕಿವ್ಯಾಗ ಮಶೀನ್ ಇದ್ದಾಂವನ ಜೀಪಿನ್ಯಾಗ ಯಾರು ಕುಂದರ್ತಾರ? ಹಾಕ್ಕೊಂಡು ನೋಡೀನಿ. ಗಾಡಿ ಚಾಲೂ ಆತಂದ್ರ ಅದರಾಗ ಬರೇ ಗರ್ ಅಂತ ಕೇಳ್ತದ, ಹಾರ್ನ್ ಕೇಳೂದಿಲ್ಲ. ಕಣ್ಣು ಚಲೋ ಅದಾವ ನಂದು. ಕನ್ನಡಿ ಅದಾವ."

ನನಗೆ ತಡೆಯಲಾಗದ ಸಿಟ್ಟು ಬಂತು. ಕುಂಬಾರವಾಡದ ದಾರಿ ಅವನಿಗೂ ಗೊತ್ತು, ನನಗೂ ಗೊತ್ತು. ಒಂದೊಂದು ತಿರುವಿನಲ್ಲೂ ಒಂದೇ ಗಾಡಿಗೆ ಜಾಗ. ಮರಗಳು ರಸ್ತೆಗೆ ಬಗ್ಗಿ ನಿಂತಿವೆ, ಎದುರಿನದು ಮೂಗಿಗೆ ಬಡಿಯುವವರೆಗೂ ಕಾಣುವುದಿಲ್ಲ. ಅಲ್ಲಿ ಎಲ್ಲರೂ ಹಾರ್ನ್ ಬಾರಿಸಿ, ಎದುರಿನಿಂದ ಉತ್ತರ ಬರದಿದ್ದರೆ ಮಾತ್ರ ತಿರುಗುತ್ತಾರೆ. ಇವನಿಗೆ ಎಂದೂ ಉತ್ತರ ಬರುವುದಿಲ್ಲ. ಯಾವಾಗಲೂ ತಿರುಗುತ್ತಾನೆ, ಬೆನ್ನ ಹಿಂದೆ ಮಕ್ಕಳನ್ನು ಕೂರಿಸಿಕೊಂಡು.

"ನಮ್ಮ ತಂಗಿ ಮಗಳು ಅದಾಳಲೇ ಅದರಾಗ!" ಎಂದು ಕೂಗಿದೆ. ಅಂಗಡಿಯವರೆಲ್ಲ ನೋಡಿದರು. ಅವನಿಗೆ ಅದು ಕೇಳಿಸಿತು.

"ನೀ ನನ್ನ ಬಾಜೂಕ ಕುಂದರು. ಒಂದ ತಿಂಗಳು ರಜಾ ಹಾಕು. ಹಾರ್ನ್ ಬಂದ್ರ ಕೈ ತೋರ್ಸು. ದಾರಿ ರೂಢಿ ಆದ ಮ್ಯಾಲ ನಾ ನೋಡ್ಕೋತೇನಿ" ಎಂದ. ಅವನ ಕಣ್ಣಲ್ಲಿ ನೀರಿತ್ತು. ನನಗೆ ಕನಿಕರ ಹುಟ್ಟಲಿಲ್ಲ ಎಂದರೆ ಸುಳ್ಳು. ಆದರೂ ಮೇಜಿನ ಮೇಲಿದ್ದ ಜೀಪಿನ ಕೀಲಿ ಎತ್ತಿಕೊಂಡೆ.

ವಾಪಸು ಬರುವಾಗ ನಾನೇ ಓಡಿಸಿದೆ. ಕಾಡಿನ ತಿರುವು ಬಂದಾಗಲೆಲ್ಲ ಕೀಪರ್ ನನ್ನ ಪಕ್ಕದಲ್ಲಿ ಮುಂದಕ್ಕೆ ಬಾಗಿ, ಒಂದು ಬೆರಳು ಎತ್ತಿ, ಏನೂ ಬರುತ್ತಿಲ್ಲ ಅಲ್ಲವೇ ಎಂದು ಕೇಳುತ್ತಿದ್ದ. ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದ. ಮೊದಲೆರಡು ಸಲ ಸರಿಯಿತ್ತು. ಮುಂದಿನದರಲ್ಲಿ ಅವನ ಬೆರಳು ಇನ್ನೂ ಮೇಲಿದ್ದಾಗಲೇ ಹಾರ್ನ್ ಕೇಳಿ ನಾನು ಬದಿಗೆ ಇಳಿಸಿ ನಿಲ್ಲಿಸಿದೆ. ಬಸ್ಸೊಂದು ನಮ್ಮ ಕನ್ನಡಿ ಸವರಿಕೊಂಡೇ ಹೋಯಿತು. ಅವನು ಬೆರಳು ಮಡಚಿ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಆಮೇಲೆ ಕೇಳಲಿಲ್ಲ.

ಮಿಸ್ತ್ರಿಯನ್ನು ಹಳಿಯಾಳದಲ್ಲಿ ಇಳಿಸಿ ದಾಂಡೇಲಿಯಲ್ಲಿ ಕೀಪರನ ಓಣಿಗೆ ಬಂದಾಗ ಇನ್ನೂ ಬೆಳಕಿತ್ತು. ಕುಂಬಾರವಾಡಕ್ಕೆ ಒಯ್ಯಲು ಅವನ ಚೀಲ, ಹಾಸಿಗೆಯ ಸುರುಳಿ ಕಟ್ಟೆಯ ಮೇಲೆ ತಯಾರಾಗಿದ್ದವು. ನಾನು ಇಳಿದ ಕೂಡಲೇ ಅವನು ಕೀಲಿಗಾಗಿ ಕೈ ಚಾಚಿದ. ಕೊಡುವುದೋ ಬಿಡುವುದೋ ಎಂದು ನಾನು ಯೋಚಿಸಲಿಲ್ಲ. ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು, ಎರಡು ಮುಷ್ಟಿ ಎದೆಯ ಮುಂದೆ ಹಿಡಿದು ಎಳೆದೆ.

ಅವನು ನನ್ನ ಕೈಯನ್ನೇ ನೋಡಿದ. ಆ ಸನ್ನೆಗೆ ಮಶೀನ್ ಹೌಸಿನಲ್ಲಿ ಯಾರೂ ಎದುರಾಡಿದ್ದಿಲ್ಲ. ಅವನು ಎದುರಾಡಿದ, ಅದೂ ಬಾಯಿಂದ, ಇಡೀ ಓಣಿಗೆ ಕೇಳುವಂತೆ.

"ಕಿವುಡ ಆದ್ರ ಹೊಟ್ಟಿ ಇರೂದಿಲ್ಲೇನಲೇ?"

ಎದುರು ಮನೆಯ ಬಾಗಿಲು ತೆರೆಯಿತು. ಅವನ ಹೆಂಡತಿ ಒಳಗಿನಿಂದ ಓಡಿ ಬಂದಳು. ಅವನನ್ನು ನೋಡಿದಳು, ಬಾನೆಟ್ಟಿನ ಮೇಲಿನ ಕೀಲಿಯನ್ನು ನೋಡಿದಳು. ಅದನ್ನೆತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಅವನಿಗೆ ಬೆನ್ನು ಮಾಡಿ ನನ್ನ ಕಡೆ ತಿರುಗಿದಳು.

"ಅಣ್ಣಾರ, ಇವರು ಬರೂದಿಲ್ಲ ಅಂತ ನಿಮ್ಮ ತಂಗಿಗೆ ನಾನ ಫೋನ್ ಮಾಡ್ತೇನಿ. ದಿನಾ ಇವರು ಗಾಡಿ ತಗೊಂಡು ಹೋದ್ರಂದ್ರ ನಾ ಬಾಗಿಲ್ದಾಗ ಸತ್ತು ಹುಟ್ಟೀನಿ. ಇನ್ನ ಸಾಕ್ರಿ."

ಅವನು ಅವಳ ಬೆನ್ನನ್ನೂ ನನ್ನ ಮುಖವನ್ನೂ ನೋಡಿದ. ಏನಂದಳು ಎಂದು ಕೈ ತಿರುಗಿಸಿ ಕೇಳಿದ.

ಚಹಾಕ್ಕೆ ಸನ್ನೆಯಿದೆ, ಸಾಹೇಬರಿಗೆ ಸನ್ನೆಯಿದೆ. ಇದಕ್ಕೆ ನಮ್ಮಲ್ಲಿ ಸನ್ನೆ ಇರಲಿಲ್ಲ. ನಾನು ಹತ್ತಿರ ಹೋಗಿ ಅವನ ಬಲಗಿವಿಗೆ ಬಾಯಿಟ್ಟು ಕೂಗಿ ಹೇಳಿದೆ.