ನಡಿಗೆ ನೋಡುತ್ತಿದ್ದ ಗಿರಿಜಮ್ಮ ಡಾಕ್ಟರು

ಗಿರಿಜಮ್ಮ ಡಾಕ್ಟರು ರೋಗಿಯ ಮುಖಕ್ಕಿಂತ ಮೊದಲು ನಡಿಗೆ ನೋಡುತ್ತಿದ್ದರು. ಹೂವಿನಹಡಗಲಿಯ ಅವರ ದವಾಖಾನೆಯಲ್ಲಿ ಕುರ್ಚಿ ಬಾಗಿಲಿಗೆ ಎದುರಾಗಿತ್ತು. ಬಂದವರು ಉದ್ದನೆಯ ಕೋಣೆ ದಾಟಿಯೇ ಅವರನ್ನು ತಲುಪಬೇಕು. ಎಲುಬಿನ ಡಾಕ್ಟರಿಗೆ ಅಷ್ಟು ದೂರ ಬೇಕು ಎನ್ನುತ್ತಿದ್ದರು.

ಅವರಲ್ಲಿಗೆ ಮೊದಲ ಸಲ ಹೋದ ಬೆಳಿಗ್ಗೆ ನನ್ನ ದಿನಚರಿಯಲ್ಲಿ ಬರೆದದ್ದು ಇಷ್ಟೇ: ‘ಮಂಗಳವಾರ. ಬಸುವಿನ ಗಂಟು ತೋರಿಸಬೇಕು.’ ಬಸು ನನ್ನ ತಮ್ಮ, ಆಗ ಹೈಸ್ಕೂಲಿನಲ್ಲಿದ್ದ. ಅವನ ಮೊಣಕಾಲಿನ ಹತ್ತಿರ ನಿಂಬೆಹಣ್ಣಿನ ಗಾತ್ರದ ಗಟ್ಟಿ ಗಂಟು ಎದ್ದು, ಅವ್ವ ಊಟ ಬಿಟ್ಟಿದ್ದಳು. ನನ್ನ ಮೊಣಕಾಲೂ ಕೆಲವು ತಿಂಗಳಿಂದ ನೋಯುತ್ತಿತ್ತು. ಬಗ್ಗಿ ಬಗ್ಗಿ ಮಲ್ಲಿಗೆ ಬಿಡಿಸಿ ಹೀಗಾಗಿದೆ ಎಂದು ಅವ್ವ ದಿನಾ ಎಣ್ಣೆ ತಿಕ್ಕುತ್ತಿದ್ದಳು. ಅದನ್ನು ಯಾರೂ ರೋಗವೆಂದು ಎಣಿಸಿರಲಿಲ್ಲ.

ಡಾಕ್ಟರು ಬಸುವಿನ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು. “ಎಲುಬಿಗೆ ಚಿಗುರು ಒಡದಂಗ ಐತ್ರಿ ಇದು. ಇವನ ಜೋಡಿ ಬೆಳೀತೈತಿ, ಇವ ನಿಂತ್ರ ಅದೂ ನಿಲ್ತೈತಿ. ಕೊಯ್ಯೋದು ಬ್ಯಾಡ.” ಅವನನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ತಲೆಯ ಮಟ್ಟಕ್ಕೆ ಪೆನ್ಸಿಲ್ ಗೀಟು ಎಳೆದರು. ಎತ್ತರ ನಿಂತ ಮೇಲೂ ಗಂಟು ಬೆಳೆದರೆ, ಇಲ್ಲವೇ ನೋಯತೊಡಗಿದರೆ, ತಡಮಾಡದೆ ಬರಬೇಕೆಂದರು. ಅವ್ವ ಕೈಮುಗಿದು ಎದ್ದಳು.

“ಕುಂದರ್ರಿ, ಮುಗಿದಿಲ್ಲ. ಈ ಹುಡುಗಿ ಯಾಕ ಕುಂಟ್ತಾಳ?”

ಅವ್ವ ಮಲ್ಲಿಗೆಯ ಮಾತು ತೆಗೆದಳು. ಡಾಕ್ಟರು ನನ್ನ ಕಡೆ ತಿರುಗಿದರು. “ಮಲಗಿದ್ರ ನೋವು ಕಡಿಮಿ ಆಗ್ತೈತೇನು?” ಇಲ್ಲ, ನಿದ್ದೆಯಲ್ಲೂ ಎಚ್ಚರವಾಗುತ್ತದೆ ಎಂದೆ. ಅವರ ಮುಖ ಗಂಭೀರವಾಯಿತು. ಎಣ್ಣೆ ತಿಕ್ಕುವುದನ್ನು ಅಂದೇ ನಿಲ್ಲಿಸಿದರು. ಎಕ್ಸ್‌ರೇಯಲ್ಲಿ ನನ್ನ ಮೊಣಕಾಲಿನ ಎಲುಬಿನ ತುದಿ ಒಳಗೆ ಟೊಳ್ಳಾಗಿ ಕಂಡಿತು. ದಾವಣಗೆರೆಗೆ ಚೀಟಿ ಬರೆದುಕೊಟ್ಟರು. ಪರೀಕ್ಷೆಗೆ ಎಲುಬಿನ ಒಳಗಿಂದ ಚೂರು ತೆಗೆಯುವವರೂ ಅಲ್ಲಿ ಆಪರೇಷನ್ ಮಾಡುವ ಡಾಕ್ಟರೇ ಆಗಿರಲಿ ಎಂದು ಅವರಿಗೇ ಫೋನ್ ಮಾಡಿದರು.

ಕ್ಯಾನ್ಸರ್ ಆಗಿರಲಿಲ್ಲ. ಆದರೆ ಬಿಟ್ಟಿದ್ದರೆ ಎಲುಬನ್ನು ತಿನ್ನುತ್ತಲೇ ಹೋಗುವ ಗಡ್ಡೆ; ಇನ್ನು ಸ್ವಲ್ಪ ತಡವಾಗಿದ್ದರೆ ಕೀಲೇ ಉಳಿಯುತ್ತಿರಲಿಲ್ಲವಂತೆ. ಕೆರೆದು ತೆಗೆದು ಆ ಟೊಳ್ಳಿಗೆ ಎಲುಬಿನ ಸಿಮೆಂಟ್ ತುಂಬಿದರು. ಊರುಗೋಲಿನಲ್ಲಿ ಬಂದ ನನ್ನನ್ನು ನೋಡಿ ಗಿರಿಜಮ್ಮ ಡಾಕ್ಟರು, “ನಮ್ಮೂರ ರಸ್ತಿಗೆ ಹಾಕದ ಸಿಮಿಂಟು ನಿನಗ ಹಾಕ್ಯಾರ. ಇನ್ನೇನು ಚಿಂತಿ?” ಎಂದರು. ಆದರೂ ಗಡ್ಡೆ ಮರಳಬಹುದೆಂದು, ಎಕ್ಸ್‌ರೇ ತಪ್ಪಿಸಲು ಒಮ್ಮೆಯೂ ಬಿಡಲಿಲ್ಲ.

ಕೊನೆಯ ಸಲ ಹೋದಾಗ ಅವರೇ ಬಹಳ ಸೊರಗಿದ್ದರು. ಬಸುವಿನ ಹೊಸ ಗೀಟು ಹಿಂದಿನ ಸಲದ ಗೀಟಿಗೇ ಸರಿಯಾಗಿ ಕೂತಿತು; ಅವನ ಎತ್ತರ ನಿಂತಿತ್ತು, ಗಂಟೂ ಬೆಳೆದಿರಲಿಲ್ಲ. ನಾನು ಎಕ್ಸ್‌ರೇ ಚಾಚಿದೆ. “ಅದು ಆಮ್ಯಾಲೆ. ಬಾಗಿಲತನಕ ಹೋಗಿ ಬಾ ಮೊದಲ.” ಹೋಗಿ ಬಂದೆ. “ಇನ್ನೊಮ್ಮಿ,” ಎಂದರು. ಏನೂ ತಪ್ಪಿರಲಿಲ್ಲ, ಸುಮ್ಮನೆ ನೋಡಬೇಕೆನಿಸಿತ್ತು ಅವರಿಗೆ.

ಮಳೆಗಾಲಕ್ಕೆ ಮೊದಲೇ ತೀರಿಕೊಂಡರು. ಈಗ ಎಕ್ಸ್‌ರೇಗೆ ದಾವಣಗೆರೆಗೇ ಹೋಗುತ್ತೇನೆ. ಅಲ್ಲಿಯ ಡಾಕ್ಟರು ಕಂಪ್ಯೂಟರ್ ನೋಡಿ ಸರಿಯಿದೆ ಎನ್ನುತ್ತಾರೆ. ಮನೆಗೆ ಬಂದು ತಲೆಬಾಗಿಲಿನಿಂದ ಅಡುಗೆಮನೆಯವರೆಗೆ ಒಮ್ಮೆ ನಡೆಯುತ್ತೇನೆ. ಅವ್ವ ಹೂ ಕಟ್ಟುವುದನ್ನು ನಿಲ್ಲಿಸಿ, ನನ್ನ ಕಾಲನ್ನೇ ನೋಡುತ್ತಾಳೆ.