ಓ ನೆಗೆಟಿವ್ ಸಂಗಪ್ಪನ ಪಾಳಿ

ಇಳಕಲ್ ಬಸ್‌ಸ್ಟ್ಯಾಂಡಿನ ಎದುರು ಗಿರ್ಮಿಟ್ ಗಾಡಿ ಇಟ್ಟಿದ್ದ ಸಂಗಪ್ಪ ಯಾರನ್ನೂ ಹೆಸರು ಹಿಡಿದು ಕರೆದವನಲ್ಲ. "ಬರ್ರಿ ಬಿ ಪಾಸಿಟಿವ್ ಸರ, ಖಾರ ಹೆಚ್ಚಿಗಿ ಹಾಕ್ಲೇನ್ರಿ?" ಎಂದು ನಾಲ್ಕು ಮಂದಿಯ ನಡುವೆ ನನ್ನನ್ನು ಕೂಗುತ್ತಿದ್ದ. ಈ ಊರಿಗೆ ಮಾಸ್ತರನಾಗಿ ಬಂದ ಹೊಸತರಲ್ಲಿ ನನಗೆ ನಾಚಿಕೆಯಾಗುತ್ತಿತ್ತು. ತನ್ನ ಹೆಂಡತಿಯೂ ಅವನ ಬಾಯಲ್ಲಿ "ನಮ್ಮ ಎ ಪಾಸಿಟಿವ್". ಅವಳು ಮುನಿಸಿಕೊಂಡ ದಿನ ಮಾತ್ರ, "ಇವತ್ತ ಪೂರಾ ನೆಗೆಟಿವ್ ರೀ."

ಅವನು ಕಟ್ಟಿದ್ದು ರಕ್ತ ಕೊಡುವವರ ಬಳಗ. ಬೋರ್ಡಿಲ್ಲ, ಅಧ್ಯಕ್ಷರಿಲ್ಲ, ಫೋನಿನಲ್ಲೊಂದು ಗ್ರೂಪು, ಅಷ್ಟೆ. ಗ್ರಾನೈಟ್ ಪಾಲಿಶ್ ಮಾಡುವ ಹುಡುಗರು, ನೇಕಾರರು, ಆಟೊದವರು ಅದರಲ್ಲಿದ್ದರು. ಒಮ್ಮೆ ಕೊಟ್ಟವರು ಮೂರು ತಿಂಗಳು ಕೊಡುವಂತಿಲ್ಲವಾದ್ದರಿಂದ ಎಲ್ಲಕ್ಕೂ ಪಾಳಿ. "ಎಲ್ಲಾರೂ ಒಮ್ಮೆಲೇ ಉಣ್ಣಾಕ ಕುಂತ್ರ ಬಡಸಾವ್ರ ಯಾರ್ರಿ?" ಅನ್ನುತ್ತಿದ್ದ. ಕೊಟ್ಟು ಬಂದವರಿಗೆ ಒಂದು ಪ್ಲೇಟು ಗಿರ್ಮಿಟ್ ಪುಕ್ಕಟೆ, ಮೇಲೊಂದು ಮಿರ್ಚಿ.

ಈ ಪಾಳಿಯ ಮೇಲೇ ಜೀವ ಹಿಡಿದಿದ್ದವಳು ನನ್ನ ಶಾಲೆಯ ರೇಣುಕಾ, ನೇಕಾರರ ಓಣಿಯ ಹುಡುಗಿ. ತಿಂಗಳಿಗೊಮ್ಮೆ ರಕ್ತ ಏರಿಸಲೇಬೇಕಾದ ಕಾಯಿಲೆ ಅವಳಿಗೆ. ಓ ನೆಗೆಟಿವ್ ಬಿಟ್ಟು ಬೇರೆ ಆಗದು. ಊರಲ್ಲಿ ಆ ರಕ್ತದವರು ಸಿಕ್ಕಿದ್ದೇ ಮೂವರು, ಸಂಗಪ್ಪ ಅವರಲ್ಲೊಬ್ಬ.

ಹೀಗಿರುವಾಗ ಗಡಿಯಲ್ಲಿ ಯುದ್ಧ ಶುರುವಾಯಿತು. ನಮ್ಮ ಗ್ರೂಪಿನ ತುಂಬ ವಿಮಾನ, ಬೆಂಕಿ, ಬಾವುಟ. ಯಾವುದು ಖರೆ, ಯಾವುದು ಸುಳ್ಳು ಯಾರಿಗೂ ತಿಳಿಯದು. ಹುನಗುಂದದ ಬಾಣಂತಿಯೊಬ್ಬಳಿಗೆ ರಕ್ತ ಬೇಕೆಂಬ ಕರೆ ಆ ಗದ್ದಲದಲ್ಲಿ ಮುಳುಗಿ, ಸಂಗಪ್ಪನ ಕಣ್ಣಿಗೆ ಬಿದ್ದದ್ದು ಮರುದಿನ. ಪುಣ್ಯಕ್ಕೆ ಅವಳಿಗೆ ಬೇರೆ ಕಡೆ ಸಿಕ್ಕಿತ್ತು.

ಅಷ್ಟರಲ್ಲಿ ನಮ್ಮ ಹುಡುಗರೇ ಸೈನಿಕರಿಗಾಗಿ ರಕ್ತದಾನ ಶಿಬಿರ ಇಟ್ಟರು. ಹಿಂದೆ ಕೈಕಾಲು ಹಿಡಿದರೂ ಬಾರದವರು ಅಂದು ಸಾಲು ಹಚ್ಚಿ ನಿಂತಿದ್ದರು. ಹಿಗ್ಗಬೇಕೋ ಹೆದರಬೇಕೋ ತಿಳಿಯದೆ ಸಂಗಪ್ಪ ಸಾಲಿನುದ್ದಕ್ಕೂ ಓಡಾಡಿದ.

"ಅರ್ಧ ಮಂದಿ ಇವತ್ತ ಕೊಡ್ರೆಪಾ, ಅರ್ಧ ಮಂದಿ ಮುಂದಿನ ತಿಂಗಳಿಗೆ ಉಳೀರಿ."

"ಮುಂದಿನ ತಿಂಗಳ ಊರ ಇರತೈತೋ ಇಲ್ಲೋ! ನೀ ಮೊದಲ ಮಲಗು ಕಾಕಾ," ಎಂದು ಒಬ್ಬ ತೋಳು ಹಿಡಿದ.

ಸಂಗಪ್ಪ ಮಂಚದ ತನಕ ಹೋದ. ಕೂತ. ಅಂಗಿಯ ತೋಳನ್ನೂ ಮಡಚಿದ. ಆಮೇಲೆ ಎದ್ದುಬಿಟ್ಟ. ಆ ವಾರ ರೇಣುಕಾಳಿಗೆ ಕೊಡುವ ಪಾಳಿ ಅವನದು. ಉಳಿದಿಬ್ಬರು ಕೊಟ್ಟು ಮೂರು ತಿಂಗಳಾಗಿರಲಿಲ್ಲ.

"ಇದನ್ನ ಆ ಹುಡುಗಿಗೆ ಇಟ್ಟೇನ್ರಪಾ," ಅಂದ.

"ಸೈನಿಕರಿಗೆ ಇಲ್ಲಂತಿಯೇನು? ದೇಶದ್ರೋಹಿ!"

ಕೂಗಿದವನು ಅವನ ಗಾಡಿಯ ಪುಕ್ಕಟೆ ಮಿರ್ಚಿ ತಿಂದವನೇ. ನನಗೆ ಮೈಯೆಲ್ಲ ಉರಿಯಿತು.

ಅದೇ ವಾರ ಸಂಗಪ್ಪ ಬಾಗಲಕೋಟೆಯ ಆಸ್ಪತ್ರೆಗೆ ಹೋಗಿ ರೇಣುಕಾಳಿಗೆ ರಕ್ತ ಕೊಟ್ಟು ಬಂದ. ಯುದ್ಧವೂ ನಿಂತಿತು. ಬಳಗ ಮಾತ್ರ ಮೊದಲಿನಂತಾಗಲಿಲ್ಲ. ಎಲ್ಲರೂ ಒಮ್ಮೆಲೇ ಕೊಟ್ಟು ಕೂತಿದ್ದರಿಂದ ಯಾರನ್ನು ಕೇಳಿದರೂ "ನಂದ ಆಗೇತಿ." ಹಲವರು ಗ್ರೂಪನ್ನೇ ಬಿಟ್ಟರು. ಅವನೂ ರಕ್ತದ ಗುಂಪು ಹಿಡಿದು ಕರೆಯುವುದನ್ನು ಬಿಟ್ಟ. ನಾನು ಬರೀ "ಸರ" ಆದೆ.

ಗಿರ್ಮಿಟ್ ಕೈಗಿಡುತ್ತ ಒಂದೇ ಮಾತು ಕೇಳುತ್ತಿದ್ದ: "ಗಡಿಯಾಗ ನಮ್ಮ ಯಾವನರ ಸಿಪಾಯಿಗೆ ನನ್ನ ರಕ್ತನ ಬೇಕಾಗಿತ್ತೋ ಏನೋ ಸರ? ಅಂವನೂ ಒಬ್ಬ ತಾಯಿ ಮಗನ ಅಲ್ಲೇನ್ರಿ. ನಾ ಮಾಡಿದ್ದು ಖರೆ ಏನ್ರಿ?"

ಖರೆ ಎಂದೇ ಹೇಳುತ್ತಿದ್ದೆ. ಅವನು ನಂಬುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಮನೆಗೆ ನಡೆಯುವಾಗ ಆ ಕಾಣದ ಸಿಪಾಯಿ ನನ್ನನ್ನೂ ಕಾಡುತ್ತಿದ್ದ. ಕೊನೆಯ ಸಲ ಕಂಡಾಗಲೂ ಅದೇ ಪ್ರಶ್ನೆ, ಅದೇ ಉತ್ತರ.

ಈ ಚಳಿಗಾಲದಲ್ಲಿ ಎದೆನೋವೆಂದು ಮಲಗಿದವನು ಏಳಲಿಲ್ಲ. ಮನೆಯ ಮುಂದೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಬಂದವರೆಲ್ಲ ಕಾಲು ಮುಟ್ಟಿ ಹೋಗುತ್ತಿದ್ದರು, ದೇಶದ್ರೋಹಿ ಎಂದಿದ್ದವನೂ. ರೇಣುಕಾ ಕಾಲು ಮುಟ್ಟಲಿಲ್ಲ. ಪಕ್ಕದಲ್ಲಿ ಕೂತು, ಅವನ ಅಂಗಿಯ ತೋಳು ಮೇಲೆ ಸರಿಸಿ, ಸೂಜಿ ಚುಚ್ಚಿಸಿಕೊಂಡು ಗಡುಸಾಗಿದ್ದ ಮೊಣಕೈಯ ಒಳಮಗ್ಗುಲಿಗೆ ಹಣೆ ಹಚ್ಚಿದಳು.